ಹೊರೆ ಮತ್ತು ಹೊರಿಸುವವರು

ಹೊಸಪೇಟೆ, ಸಂಡೂರು ಸೀಮೆಯ ಜನರಿಗೆ ‘ಓವರ್‌ಲೋಡ್’ ಎಂಬ ಇಂಗ್ಲಿಷ್ ಮಾತನ್ನು ಯಾವ ಮೇಷ್ಟರೂ ಕಲಿಸಬೇಕಾಗಿ ಬರಲಿಲ್ಲ. ಅದನ್ನು ಅವರು ಅದಿರಿನ ಲಾರಿಯ ಹಿಂದೆ ನಿಂತು, ಕೆಂಧೂಳು ಕುಡಿಯುತ್ತ ತಾವೇ ಕಲಿತುಕೊಂಡರು. ಈ ಶತಮಾನದ ಮೊದಲ ದಶಕದಲ್ಲಿ ಹೊಸಪೇಟೆಯಿಂದ ಚಿತ್ರದುರ್ಗದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಮರಿಯಮ್ಮನಹಳ್ಳಿಯ ಮಗ್ಗುಲಲ್ಲಿ, ಹಗಲೂ ರಾತ್ರಿ ಓಡಿದ ಲಾರಿಗಳನ್ನು ಕಂಡವರಿಗೆ ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯನ್ನು ಕುರಿತು ೨೦೦೮ರಲ್ಲಿ ಒಮ್ಮೆ, ೨೦೧೧ರಲ್ಲಿ ಇನ್ನೊಮ್ಮೆ ಸರ್ಕಾರಕ್ಕೆ ಒಪ್ಪಿಸಿದ ವರದಿಗಳ ಕಾಲದಲ್ಲಿ ಮಿತಿಮೀರಿ ಹೇರಿದ ಲಾರಿಯ ಸುದ್ದಿ ಮನೆಮನೆಯ ಮಾತಾಯಿತು. ೨೦೧೧ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ಆ ಲಾರಿಗಳ ಸಾಲು ಕರಗಿತು. ಮುಂದೆ ಗಣಿಗಳು ಮಿತಿಗೊಳಪಟ್ಟು ಮತ್ತೆ ತೆರೆದದ್ದು ಬೇರೆಯ ಕಥೆ.

ನಾನು ಹೇಳಹೊರಟಿರುವುದು ಒಂದು ಸಣ್ಣ ಸಂಗತಿ. ಆ ದಿನಗಳಲ್ಲಿ ದಾರಿಯಲ್ಲಿ ಲಾರಿಯ ಆಕ್ಸಲ್ ಮುರಿದು ನಿಂತಾಗ, ‘ಈ ಆಕ್ಸಲ್ಲಿಗೆ ಮನೋಬಲ ಸಾಲದು, ಬೆಳಗ್ಗೆ ಎದ್ದು ಸ್ವಲ್ಪ ಪ್ರಾಣಾಯಾಮ ಮಾಡಿದ್ದರೆ ಹೀಗಾಗುತ್ತಿರಲಿಲ್ಲ’ ಎಂದು ಯಾರೂ ಹೇಳಲಿಲ್ಲ. ಎಷ್ಟು ಟನ್ನು ಹೇರಿದ್ದರು, ಹೇರೆಂದವರು ಯಾರು, ಕಾಟಾದವನು ಚೀಟಿಯಲ್ಲಿ ಏನು ಬರೆದ ಎಂದೇ ಎಲ್ಲರೂ ಕೇಳಿದರು. ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಪಡೆಯುವ ಡ್ರೈವರನು ನಿದ್ದೆಗೆಟ್ಟು ಓಡಿಸುವುದು ಅವನ ಸ್ವಭಾವದೋಷವೆಂದು ತಿಳಿಯುವಷ್ಟು ದಡ್ಡರು ನಮ್ಮ ಕಡೆ ಇಲ್ಲ. ಆದರೆ ಅದೇ ಹೊರೆ ಕಚೇರಿಯ ಗುಮಾಸ್ತನ ಮೇಲೋ, ಸಾಫ್ಟ್‌ವೇರ್ ಕಂಪನಿಯ ಹುಡುಗಿಯ ಮೇಲೋ, ಶಾಲೆಯ ಉಪಾಧ್ಯಾಯರ ಮೇಲೋ ಬಿದ್ದು ಅವರು ಕುಸಿದಾಗ ನಮ್ಮ ಪ್ರಶ್ನೆಯೇ ಬದಲಾಗಿಬಿಡುತ್ತದೆ. ಆಗ ನಾವು ಹೇರಿದವರನ್ನು ಬಿಟ್ಟು ಆಕ್ಸಲ್ಲನ್ನು ವಿಚಾರಿಸಿಕೊಳ್ಳುತ್ತೇವೆ. ಈ ವಿಚಿತ್ರವಾದ ಭೇದವನ್ನು ಬೆಳೆಸುವುದರಲ್ಲಿ ನಮ್ಮ ಸಾಹಿತ್ಯದ ಪಾಲು ಎಷ್ಟು, ಅದಕ್ಕಿಂತ ಮಿಗಿಲಾಗಿ ನಮ್ಮ ವಿಮರ್ಶೆಯ ಪಾಲು ಎಷ್ಟು ಎಂಬುದನ್ನು ಇಲ್ಲಿ ಸ್ವಲ್ಪ ನೋಡಬಹುದೆಂದು ತೋರುತ್ತದೆ.

‘ಒತ್ತಡ’ ಎಂಬ ಮಾತು ಮನುಷ್ಯನ ಮನಸ್ಸಿಗೆ ಅಂಟಿಕೊಂಡದ್ದು ಈಚೆಗೆ. ಅದು ಮೊದಲು ಲೋಹಕ್ಕೂ ಸೇತುವೆಗೂ ಸಲ್ಲುತ್ತಿದ್ದ, ಎಂಜಿನಿಯರರ ಮಾತು. ಹಾನ್ಸ್ ಸೆಲ್ಯೆ ಎಂಬ ವೈದ್ಯವಿಜ್ಞಾನಿ ೧೯೩೬ರಲ್ಲಿ ತನ್ನ ಮೊದಲ ಟಿಪ್ಪಣಿಯನ್ನು ಪ್ರಕಟಿಸಿದ. ಆತನ ಕೆಲಸದಿಂದಲೇ ಆ ಮಾತು ಶರೀರದ ಶಾಸ್ತ್ರಕ್ಕೆ ಬಂದು, ಅಲ್ಲಿಂದ ನಮ್ಮ ನಿಮ್ಮ ಮನೆಯ ಪಡಸಾಲೆಗೂ ಬಂದಿತು. ಬರುವ ದಾರಿಯಲ್ಲಿ ಅದರ ಒಳ್ಳೆಯ ಗುಣವೊಂದು ಕಳೆದುಹೋಯಿತು. ಎಂಜಿನಿಯರನು ಒತ್ತಡವೆಂದಾಗ ಮೊದಲು ಲೆಕ್ಕ ಹಾಕುವುದು ಹೇರಿದ ಭಾರವನ್ನು. ಲೋಹದ ಗುಣವನ್ನು ಆಮೇಲೆ ನೋಡುತ್ತಾನೆ. ನಾವು ಭಾರವನ್ನು ಮರೆತು ಲೋಹವನ್ನು ಮಾತ್ರ ಇಟ್ಟುಕೊಂಡೆವು.

ಕನ್ನಡದಲ್ಲಿ ನೌಕರಿಯ ಸಂಕಟವನ್ನು ಕುರಿತ ಕೃತಿ ಯಾವುದೆಂದು ಕೇಳಿದರೆ ನಾನು ತಡಮಾಡದೆ ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ಹೆಸರಿಸುತ್ತೇನೆ. ಅದು ೧೯೭೯ರಲ್ಲಿ ಪ್ರಕಟವಾಯಿತು. ಮುಂಬಯಿಯ ದೊಡ್ಡ ಕಂಪನಿಯೊಂದರಲ್ಲಿ ಮೇಲಿನ ಹುದ್ದೆಯಲ್ಲಿರುವ ನಾಗಪ್ಪನ ಕಥೆ ಅದು. ವಿಮರ್ಶಕರು ಈ ಕಾದಂಬರಿಯನ್ನು ಹೊಗಳಿಯೇ ಇದ್ದಾರೆ. ಆದರೆ ಹೊಗಳಿಕೆಯ ಜಾಡು ಮಾತ್ರ ಒಂದೇ. ಅಸ್ತಿತ್ವದ ಭೀತಿ, ಆಧುನಿಕ ಮಾನವನ ಅನಾಥಪ್ರಜ್ಞೆ, ಕಾಫ್ಕಾನ ನೆರಳು ಎಂಬ ಮಾತುಗಳು ಒಂದರ ಹಿಂದೊಂದು ಬರುತ್ತವೆ. ಇವು ಸುಳ್ಳಲ್ಲ. ಆದರೂ ಈ ಮಾತುಗಳನ್ನು ಓದಿ ಮುಗಿಸುವಷ್ಟರಲ್ಲಿ ನಾಗಪ್ಪನಿಗೊಂದು ಆಫೀಸು ಇತ್ತು, ಆತನಿಗೊಬ್ಬ ಮೇಲಧಿಕಾರಿ ಇದ್ದ, ಆತನ ಕೈಗೊಂದು ಕಾಗದ ಬಂದಿತ್ತು ಎಂಬ ವಿಷಯಗಳೇ ಮರೆತುಹೋಗಿರುತ್ತವೆ.

ಆ ಕಾಗದವನ್ನು ಸ್ವಲ್ಪ ಗಮನಿಸೋಣ. ನಾಗಪ್ಪನ ಮೇಲೆ ಏನೋ ಆರೋಪವಿದೆ, ವಿಚಾರಣೆಯಾಗುವ ತನಕ ಆತ ಕೆಲಸದಿಂದ ದೂರವಿರಬೇಕು. ಆರೋಪ ಏನೆಂಬುದು ಮಾತ್ರ ಆತನಿಗೆ ತಿಳಿಯದು. ಅಂದರೆ ಕಾದಂಬರಿಯ ಉದ್ದಕ್ಕೂ ನಾಗಪ್ಪನು ಬಳಲಿ ಬೆಂಡಾಗುವುದು, ಮಲಗಿದಲ್ಲಿ ಬೆಚ್ಚುವುದು, ಟೆಲಿಫೋನಿನ ಸದ್ದಿಗೆ ಎದೆ ಹೊಡೆದುಕೊಳ್ಳುವುದು ಕೆಲಸ ಹೆಚ್ಚಾಗಿ ಅಲ್ಲ. ಆತನಿಗೆ ಆಗ ಕೆಲಸವೇ ಇಲ್ಲ! ಮೇಜಿನ ಮೇಲೆ ಒಂದು ಕಡತವೂ ಇಲ್ಲದ ಮನುಷ್ಯ ಕನ್ನಡ ಸಾಹಿತ್ಯದಲ್ಲಿಯೇ ಅತ್ಯಂತ ಹೆಚ್ಚಿನ ಒತ್ತಡಕ್ಕೆ ಸಿಕ್ಕಿದ ನೌಕರನಾಗಿದ್ದಾನೆ. ಇದನ್ನು ಚಿತ್ತಾಲರ ಚಮತ್ಕಾರವೆಂದು ತಳ್ಳಿಹಾಕುವಂತಿಲ್ಲ. ನೌಕರಿಯ ಲೋಕವನ್ನು ಬಲ್ಲವರು ಮಾತ್ರ ಹಿಡಿಯಬಹುದಾದ ಸತ್ಯ ಅದು. ಮನುಷ್ಯನನ್ನು ಹಣ್ಣು ಮಾಡುವುದು ಕೆಲಸದ ರಾಶಿಗಿಂತ ಹೆಚ್ಚಾಗಿ, ತನ್ನ ವಿಷಯವನ್ನು ತನಗೆ ಹೇಳದೆ ಬೇರೆ ಯಾರೋ ತೀರ್ಮಾನಿಸುತ್ತಿದ್ದಾರೆ ಎಂಬ ಅರಿವು. ನಾಗಪ್ಪನ ಮೇಲಧಿಕಾರಿಗೆ ಬಂದೂಕ್‌ವಾಲಾ ಎಂಬ ಹೆಸರಿಟ್ಟು, ಕಾದಂಬರಿಗೆ ಬೇಟೆಯ ಹೆಸರನ್ನೇ ಇಟ್ಟ ಲೇಖಕರು ಇದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಹೇಳಬೇಕು? ಬೇಟೆಯಲ್ಲಿ ಓಡುವ ಜಿಂಕೆಗೆ ಆಯಾಸವಾಗುವುದು ನಿಜ. ಆದರೆ ಜಿಂಕೆಯ ಆಯಾಸಕ್ಕೆ ಕಾರಣ ಓಟ ಎಂದು ಬರೆದು ಮುಗಿಸುವ ವಿಮರ್ಶೆಯು ಬಂದೂಕನ್ನು ನೋಡಿಯೇ ಇಲ್ಲ.

ಕಾಫ್ಕಾನ ಹೆಸರು ಹೇಳುವವರು ಕೂಡ ಒಂದು ಸಂಗತಿಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ‘ವಿಚಾರಣೆ’ಯ ಆ ಕರ್ತೃ ಗಾಳಿಯಲ್ಲಿ ತೇಲುತ್ತಿದ್ದ ತತ್ತ್ವಜ್ಞನೇನೂ ಅಲ್ಲ. ಪ್ರಾಗ್ ನಗರದಲ್ಲಿ ಕಾರ್ಮಿಕರ ಅಪಘಾತ ವಿಮೆಯ ಕಚೇರಿಯಲ್ಲಿ ವರ್ಷಗಟ್ಟಲೆ ದುಡಿದವನು. ಕಾರ್ಖಾನೆಯ ಯಂತ್ರಗಳಿಗೆ ಸಿಕ್ಕಿ ಬೆರಳು ಕಳೆದುಕೊಂಡವರ ಕಾಗದಪತ್ರ ನೋಡಿ, ಮರ ಹೆರೆಯುವ ಯಂತ್ರಗಳ ಸುರಕ್ಷತೆಯ ಬಗ್ಗೆ ವರದಿ ಬರೆದವನು. ಚಿತ್ತಾಲರೂ ಹಾಗೆಯೇ. ಹನೇಹಳ್ಳಿಯಲ್ಲಿ ಹುಟ್ಟಿದರೂ ಬಾಳಿನ ಬಹುಭಾಗವನ್ನು ಮುಂಬಯಿಯ ಉದ್ಯಮದಲ್ಲಿ ರಸಾಯನ ತಂತ್ರಜ್ಞರಾಗಿ ಕಳೆದರು. ಒಳಮನಸ್ಸಿನ ಕತ್ತಲೆಯನ್ನು ಬರೆದರೆಂದು ನಾವು ಕೊಂಡಾಡುವ ಈ ಇಬ್ಬರಿಗೂ ಕಚೇರಿಯ ಕುರ್ಚಿಯ ಪರಿಚಯ ಚೆನ್ನಾಗಿ ಇತ್ತು. ಆ ಕತ್ತಲೆಗೆ ಕಚೇರಿಯ ಬಾಗಿಲಿನಿಂದಲೂ ದಾರಿಯಿದೆಯೆಂದು ಊಹಿಸಿದರೆ ತಪ್ಪೇನು?

ಹಾಗೆಂದು ‘ಶಿಕಾರಿ’ಯಲ್ಲಿ ಕೊರತೆಯಿಲ್ಲವೆಂದಲ್ಲ. ಕಥೆ ಮುಂದುವರಿದಂತೆ ನಾಗಪ್ಪನ ಬಾಲ್ಯ, ಮನೆತನ, ಹಳೆಯ ಗಾಯಗಳು ಒಂದೊಂದಾಗಿ ಮೇಲೆ ಬಂದು, ಓದುಗನಿಗೆ ‘ಇವನ ಸ್ವಭಾವವೇ ಹೀಗೆ, ಅದಕ್ಕೇ ಇಷ್ಟು ಹೆದರುತ್ತಾನೆ’ ಎನ್ನಿಸುವ ಅಪಾಯವಿದೆ. ಈ ಜಾಡನ್ನು ತೆರೆದವರು ಸ್ವತಃ ಚಿತ್ತಾಲರು. ವಿಮರ್ಶಕರು ಅದರಲ್ಲಿ ನಡೆದರು ಅಷ್ಟೆ. ಪ್ರಗತಿಶೀಲರ ಕಾಲದಲ್ಲಿ ಇದರ ಎದುರು ಬದಿಯ ದೋಷವಿತ್ತು. ಬಸವರಾಜ ಕಟ್ಟೀಮನಿಯವರು ‘ಜ್ವಾಲಾಮುಖಿಯ ಮೇಲೆ’ ಬರೆದಾಗ ಪತ್ರಿಕಾ ಕಚೇರಿಯ ದುಡಿಮೆಯನ್ನು ಕನ್ನಡಕ್ಕೆ ತಂದರು. ಅದು ದೊಡ್ಡ ಉಪಕಾರವೇ ಸರಿ. ಆದರೆ ಆ ಪಂಥದ ಬರವಣಿಗೆಯಲ್ಲಿ ಧಣಿಯು ದುಷ್ಟನಾಗಿರುವುದರಿಂದ ಕಷ್ಟ ಬರುತ್ತದೆ. ಧಣಿ ಸಜ್ಜನನಾಗಿದ್ದರೆ ಎಲ್ಲವೂ ಸರಿಹೋಗಬಹುದೆಂಬ ಭಾವನೆ ಉಳಿಯುತ್ತದೆ. ಒಬ್ಬರು ಧಣಿಯ ಗುಣವನ್ನು ನೋಡಿದರು, ಇನ್ನೊಬ್ಬರು ನೌಕರನ ನರಗಳನ್ನು ನೋಡಿದರು. ನಡುವೆ ಇರುವ ಏರ್ಪಾಡು, ಅಂದರೆ ಯಾರ ಕೆಲಸವನ್ನು ಯಾರು ಅಳೆಯುತ್ತಾರೆ, ಯಾವ ಅಳತೆಯಿಂದ ಅಳೆಯುತ್ತಾರೆ, ಸಾಲದೆಂದು ಹೇಳುವ ಹಕ್ಕು ಯಾರಿಗಿದೆ ಎಂಬುದು ಇಬ್ಬರ ಕೈಯಿಂದಲೂ ಜಾರಿತು.

ಇದನ್ನು ನಾನು ಕೇವಲ ಪುಸ್ತಕದಿಂದ ಹೇಳುತ್ತಿಲ್ಲ. ಕೆಲವು ವರ್ಷ ನಾನೂ ಒಂದು ಕಚೇರಿಯಲ್ಲಿ ಲೆಕ್ಕ ಬರೆದವನು. ಮಾರ್ಚ್ ತಿಂಗಳ ಕೊನೆ ಬಂತೆಂದರೆ ರಾತ್ರಿ ಹತ್ತರವರೆಗೂ ಕೂರುತ್ತಿದ್ದೆವು. ಯಾರದೋ ಮನೆಯಿಂದ ಮಂಡಕ್ಕಿ ಮಿರ್ಚಿ ಬರುತ್ತಿತ್ತು, ಹೆಡ್‌ಕ್ಲಾರ್ಕರು ಹಳೆಯ ನಾಟಕದ ಹಾಡು ಗುನುಗುತ್ತಿದ್ದರು, ನಗುತ್ತಲೇ ಕೆಲಸ ಮುಗಿಯುತ್ತಿತ್ತು. ಮನೆಗೆ ಹೋಗಿ ಮಲಗಿದರೆ ಗಾಢನಿದ್ರೆ. ಅದೇ ನನಗೆ, ಕೆಲಸ ತೀರ ಕಡಮೆಯಿದ್ದ ಒಂದು ಆಷಾಢದಲ್ಲಿ, ‘ನಿಮ್ಮ ಕೆಲಸ ತೃಪ್ತಿಕರವಾಗಿಲ್ಲ’ ಎಂದಷ್ಟೇ ಬರೆದ ಒಂದು ಮೆಮೊ ಬಂತು. ಯಾವ ಕೆಲಸ, ಏನು ತಪ್ಪು ಎಂಬುದಿಲ್ಲ. ಕೇಳಲು ಹೋದರೆ ಸಾಹೇಬರು ಮೀಟಿಂಗಿನಲ್ಲಿದ್ದರು. ಮೂರು ವಾರ ನಾನು ನಿದ್ದೆ ಮಾಡಲಿಲ್ಲ. ಕೊನೆಗೆ ತಿಳಿದುಬಂದದ್ದು, ಆ ಮೆಮೊ ಪಕ್ಕದ ವಿಭಾಗದವರಿಗೆ ಹೋಗಬೇಕಾಗಿದ್ದದ್ದು ಎಂದು! ಈಗ ನಗು ಬರುತ್ತದೆ. ಆಗ ಬಂದಿರಲಿಲ್ಲ.

‘ಶಿಕಾರಿ’ ಬಂದ ೧೯೭೯ರಲ್ಲಿಯೇ ಅಮೆರಿಕದಲ್ಲಿ ರಾಬರ್ಟ್ ಕರಾಸೆಕ್ ಎಂಬ ವಿದ್ವಾಂಸನ ಒಂದು ಲೇಖನ ಪ್ರಕಟವಾಯಿತು. ಕಾಕತಾಳೀಯವೇ ಇರಬಹುದು, ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಒಂದು ಇನ್ನೊಂದರ ಟೀಕೆಯೆಂಬಂತೆ ತೋರುತ್ತದೆ. ಕರಾಸೆಕ್ ಹೇಳಿದ್ದು ಇಷ್ಟು: ಕೆಲಸದ ಒತ್ತಾಯ ಹೆಚ್ಚಿದೆಯೇ ಎಂದು ಮಾತ್ರ ನೋಡಿದರೆ ಸಾಲದು, ಆ ಕೆಲಸವನ್ನು ಹೇಗೆ ಮಾಡಬೇಕೆಂದು ನಿರ್ಧರಿಸುವ ಸ್ವಾತಂತ್ರ್ಯ ಮಾಡುವವನಿಗೆ ಎಷ್ಟಿದೆ ಎಂಬುದನ್ನೂ ನೋಡಬೇಕು. ಒತ್ತಾಯ ಹೆಚ್ಚಾಗಿ ಸ್ವಾತಂತ್ರ್ಯ ಕಡಮೆಯಾದ ಕಡೆಯಲ್ಲಿ ಮನುಷ್ಯ ಹೆಚ್ಚಾಗಿ ಕುಸಿಯುತ್ತಾನೆ; ಎರಡೂ ಹೆಚ್ಚಿದ್ದರೆ ಎಷ್ಟೋ ವೇಳೆ ಕೆಲಸದಿಂದ ಬೆಳೆಯುತ್ತಾನೆ. ಇಂಗ್ಲೆಂಡಿನಲ್ಲಿ ಸರ್ಕಾರಿ ನೌಕರರ ಆರೋಗ್ಯವನ್ನು ಕುರಿತು ೧೯೬೭ರಿಂದ ನಡೆದ ‘ವೈಟ್‌ಹಾಲ್’ ಅಧ್ಯಯನಗಳು ಇನ್ನೂ ಕುತೂಹಲಕರ. ಎದೆಯ ಬೇನೆ ದೊಡ್ಡ ಜವಾಬ್ದಾರಿಯ ಸಾಹೇಬರ ಕಾಯಿಲೆಯೆಂಬ ಜನಜನಿತ ನಂಬಿಕೆಗೆ ವಿರೋಧವಾಗಿ, ಹೃದ್ರೋಗದಿಂದ ಸಾಯುವವರ ಪ್ರಮಾಣ ಮೇಲಿನ ಅಧಿಕಾರಿಗಳಿಗಿಂತ ಕೆಳಗಿನ ದರ್ಜೆಯವರಲ್ಲೇ ಹೆಚ್ಚಾಗಿ ಕಂಡಿತು. ತಂಬಾಕು ಮೊದಲಾದ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅಂತರ ಉಳಿಯಿತು. ಮೈಕೇಲ್ ಮಾರ್ಮಟ್ ಮತ್ತು ಸಂಗಡಿಗರು ಮುಂದೆ ಮಾಡಿದ ಶೋಧದಲ್ಲಿ, ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದಿರುವುದು ಆ ಅಂತರಕ್ಕೆ ಒಂದು ಮುಖ್ಯ ಕಾರಣವೆಂದು ತಿಳಿದುಬಂತು. ದುಡಿದಷ್ಟಕ್ಕೆ ತಕ್ಕ ಹಣವಾಗಲಿ, ಮನ್ನಣೆಯಾಗಲಿ, ಭದ್ರತೆಯಾಗಲಿ ಬಾರದಿದ್ದಾಗ ಆಗುವ ಹಾನಿಯನ್ನು ಜರ್ಮನಿಯ ಯೋಹಾನೆಸ್ ಸೀಗ್ರಿಸ್ಟ್ ೧೯೯೬ರಲ್ಲಿ ವಿವರಿಸಿದ. ಕೆಲಸದಿಂದ ಬೆಂದುಹೋಗುವ ಸ್ಥಿತಿಯನ್ನು ೨೦೧೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಾಗ, ಅದನ್ನು ಕಾಯಿಲೆಯೆಂದು ಕರೆಯದೆ ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಕರೆದದ್ದು ಗಮನಾರ್ಹ. ಆಕ್ಸಲ್ಲನ್ನು ಬಿಟ್ಟು ಕಾಟಾದ ಕಡೆಗೆ ಕೊನೆಗೂ ಯಾರೋ ತಿರುಗಿದಂತಾಯಿತು.

ವಿದೇಶದ ಪಂಡಿತರ ಹೆಸರು ಸಾಕು. ಈ ಮಾತನ್ನು ನಮ್ಮವರೇ ಎಂಟು ಶತಮಾನಗಳಿಗೂ ಹಿಂದೆ ಅಡಿಗೆಮನೆಯಲ್ಲಿ ನಿಂತು ಹೇಳಿದ್ದರೆಂಬುದನ್ನು ಮರೆತರೆ ಅನ್ಯಾಯವಾದೀತು. ನಮ್ಮ ಸೀಮೆಗೆ ನೆರೆಯಾದ ರಾಯಚೂರಿನ ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದರೆಂದು ಸಂಪ್ರದಾಯ ಹೇಳುವ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ಓದುಗರಿಗೆ ತಿಳಿದದ್ದೇ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸಲಿಲ್ಲ. ಹೆಚ್ಚಾದದ್ದನ್ನು ಬಂದಲ್ಲಿಗೇ ಒಯ್ದು ಸುರಿದು ಬಾ ಎಂದಳು.

ಇದನ್ನು ನಮ್ಮ ಪಠ್ಯಪುಸ್ತಕಗಳು ನಿರಾಸೆಯ ಪಾಠವಾಗಿ, ಇದ್ದುದರಲ್ಲಿ ತೃಪ್ತಿಪಡುವ ಬೋಧೆಯಾಗಿ ಓದಿಸುತ್ತವೆ. ಓದು ತಪ್ಪಲ್ಲ, ಆದರೆ ಅರ್ಧ. ಆ ಮನೆಯಲ್ಲಿ ಸಾಕು ಎಂಬ ಗೆರೆಯನ್ನು ಎಳೆದವರು ಯಾರು ಎಂದು ಕೇಳಿ ನೋಡಿ. ಅಕ್ಕಿ ಚೆಲ್ಲಿದವರಲ್ಲ, ಬಸವಣ್ಣನವರೂ ಅಲ್ಲ. ಅನ್ನ ಬೇಯಿಸುವ, ದಾಸೋಹದ ಎಲೆಗಳ ಲೆಕ್ಕ ಬಲ್ಲ ಹೆಂಗಸು. ದುಡಿಮೆಯ ಅಳತೆಯನ್ನು ದುಡಿಯುವ ಮನೆಯೇ ಗೊತ್ತುಮಾಡಿತು. ನಮ್ಮ ದೊಡ್ಡ ಕಾರ್ಖಾನೆಗಳಲ್ಲಿಯೂ ಕಚೇರಿಗಳಲ್ಲಿಯೂ ಕಾಯಕವನ್ನು ಕೈಲಾಸಕ್ಕೆ ಹೋಲಿಸಿದ ಮಾರಯ್ಯನ ಮಾತನ್ನು ಚೆಂದದ ಅಕ್ಷರದಲ್ಲಿ ಬರೆಸಿ ಗೋಡೆಗೆ ತೂಗುಹಾಕಿರುವುದನ್ನು ಕಂಡಿದ್ದೇನೆ. ಲಕ್ಕಮ್ಮನ ಮಾತನ್ನು ತೂಗುಹಾಕಿದ ಗೋಡೆಯನ್ನು ಈವರೆಗೆ ಕಂಡಿಲ್ಲ. ಗಂಡನ ಮಾತು ಹೆಂಡತಿಯ ಮಾತಿನಿಂದ ಬೇರ್ಪಟ್ಟ ದಿನವೇ ಕಾಯಕವೆಂಬುದು ಮೇಲಿನವರು ಕೆಳಗಿನವರಿಗೆ ಹೇಳುವ ಉಪದೇಶವಾಯಿತು.

೨೦೨೩ರಲ್ಲಿ ಎನ್. ಆರ್. ನಾರಾಯಣ ಮೂರ್ತಿಯವರು ದೇಶದ ತರುಣರು ವಾರಕ್ಕೆ ೭೦ ಗಂಟೆ ದುಡಿಯಬೇಕೆಂದಾಗ ಎದ್ದ ಚರ್ಚೆ ನೆನಪಿರಬಹುದು. ಮರುವರ್ಷ ಐ.ಟಿ. ನೌಕರರ ದಿನದ ದುಡಿಮೆಯನ್ನು ೧೪ ಗಂಟೆಯವರೆಗೆ ವಿಸ್ತರಿಸುವ ಪ್ರಸ್ತಾಪ ಕರ್ನಾಟಕದಲ್ಲಿ ಬಂದು, ನೌಕರರ ಸಂಘ ಬೀದಿಗಿಳಿಯಿತು. ಎರಡು ಕಡೆಯವರೂ ಗಂಟೆಗಳನ್ನೇ ಎಣಿಸುತ್ತಿದ್ದರು. ಗಂಟೆ ಎಣಿಸಬೇಕಾದದ್ದೇ, ನಿದ್ದೆಗೆ ಬೇರೆ ಸಮಯವಿಲ್ಲವಷ್ಟೆ. ಆದರೆ ಕಂಪನಿ ಕಟ್ಟಿದವರು ತಮ್ಮ ಯೌವನದಲ್ಲಿ ದುಡಿದ ೭೦ ಗಂಟೆಗೂ, ಯಾರೋ ಗೊತ್ತುಮಾಡಿದ ಗಡುವಿಗೆ ಇನ್ನಾರೋ ದುಡಿಯುವ ೭೦ ಗಂಟೆಗೂ ಗಡಿಯಾರದಲ್ಲಿ ಭೇದವಿಲ್ಲ, ಮೈಯಲ್ಲಿ ಭೇದವಿದೆ ಎಂಬ ಮಾತು ಆ ಗದ್ದಲದಲ್ಲಿ ಕೇಳಿಸಲಿಲ್ಲ. ಸಾಹಿತ್ಯದಿಂದ ಆ ಮಾತು ಬರಬಹುದಿತ್ತು. ಸಂಡೂರಿನಲ್ಲಿ ಹುಟ್ಟಿ, ಬಹುಕಾಲ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿದು ಬರವಣಿಗೆಗೆ ಬಂದ ವಸುಧೇಂದ್ರರಂಥವರು ಆ ಲೋಕವನ್ನು ಕಥೆಗೂ ಪ್ರಬಂಧಕ್ಕೂ ತಂದಿದ್ದಾರೆ. ಅವರ ಹಿಂದೆ ಇನ್ನೂ ಹತ್ತು ಮಂದಿ ಬರಬೇಕು.

ಲೇಖನವನ್ನು ಮರಿಯಮ್ಮನಹಳ್ಳಿಯ ಹೆದ್ದಾರಿಯಿಂದ ಆರಂಭಿಸಿದೆ. ಊರೊಳಗೆ ಬಂದರೆ ಹೊರೆಯ ಇನ್ನೊಂದು ರೂಪ ಕಾಣುತ್ತದೆ. ೨೦೨೧ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ಊರಿದು. ಯಲ್ಲಮ್ಮನ ಕೊಡವನ್ನು ತಲೆಯ ಮೇಲೆ ಹೊತ್ತು, ಕೈಬಿಟ್ಟು, ಚೌಡಿಕೆಯ ನಾದಕ್ಕೆ ಕುಣಿಯುವ ಕಲೆ ಅವರದು. ಅದನ್ನು ನೋಡಿ, ‘ನೋಡಿದಿರಾ, ಭಕ್ತಿಯಿಂದ ಹೊತ್ತರೆ ಭಾರವೇ ತಿಳಿಯುವುದಿಲ್ಲ’ ಎಂದು ತಲೆದೂಗುವವರು ಪಟ್ಟಣದಿಂದ ಬಂದವರು. ಅವರ ಮಾತನ್ನು ಒಪ್ಪಲು ನನಗೆ ಸಾಧ್ಯವಿಲ್ಲ. ಹೊರಿಸುವವರಿಗೆ ಬಹಳ ಅನುಕೂಲವಾದ ತತ್ತ್ವ ಅದು. ಅರುಣ್ ಜೋಳದಕೂಡ್ಲಿಗಿಯವರು ಬರೆದುಕೊಂಡಿರುವ ಮಂಜಮ್ಮನವರ ಜೀವನ ಕಥನ ‘ನಡುವೆ ಸುಳಿವ ಹೆಣ್ಣು’ ಓದಿದರೆ ನಿಜವಾದ ಭಾರ ಯಾವುದೆಂದು ತಿಳಿಯುತ್ತದೆ. ಓದುಗನ ಎದೆಯ ಮೇಲೆ ಕೂರುವುದು ಕೊಡವಲ್ಲ. ಹುಟ್ಟಿದ ಮನೆಗೆ ಬೇಡವಾದದ್ದು, ಹೊಟ್ಟೆಪಾಡಿಗೆ ಇಡ್ಲಿ ಮಾರಿದ್ದು, ಬೇಡಿದ್ದು, ಬೀದಿಯಲ್ಲಿ ಮೈಮೇಲೆ ಕೈಮಾಡಿದವರನ್ನು ಕೇಳುವವರಿಲ್ಲದ್ದು. ಇವುಗಳಲ್ಲಿ ಯಾವುದನ್ನೂ ಆಕೆ ತಾನಾಗಿ ತಲೆಗೇರಿಸಿಕೊಳ್ಳಲಿಲ್ಲ. ಕೊಡವನ್ನು ಹೊರುವ ಕಲೆಯನ್ನು ಮಾತ್ರ ಆಕೆ ಕಲಿತದ್ದು. ಕಾಳವ್ವ ಜೋಗತಿಯಂಥ ಗುರು ಸಿಕ್ಕಿದ್ದು, ಜೊತೆಗೆ ಹಾಡುವ ಮೇಳ ಇದ್ದದ್ದು ಆ ಭಾರದ ಜೊತೆಗೆ. ಈ ಪುಸ್ತಕವನ್ನು ಕರುಣೆಯಿಂದ ಓದಿ ಕಣ್ಣೊರೆಸಿಕೊಂಡು ಇಡುವವರೇ ಹೆಚ್ಚು. ದುಡಿಮೆಯನ್ನು ಕುರಿತ ಪುಸ್ತಕವಾಗಿ ಓದಿದರೆ ಅದರಿಂದ ಕಲಿಯುವುದು ಇನ್ನೂ ಬಹಳ ಇದೆ.

ಮರಿಯಮ್ಮನಹಳ್ಳಿ ನಾಟಕದವರ ಊರು ಕೂಡ. ಸುತ್ತಿನ ಹಳ್ಳಿಗಳಲ್ಲಿ ಊರವರೇ ಸೇರಿ ನಾಟಕ ಆಡುವಾಗ ಹೆಣ್ಣುಪಾತ್ರಗಳಿಗೆ ಈ ಊರಿನ ಕಲಾವಿದೆಯರನ್ನು ಕರೆಸುವುದು ಬಹುಕಾಲದ ವಾಡಿಕೆ. ಜಾತ್ರೆಯ ಕಾಲದಲ್ಲಿ ಒಂದು ರಾತ್ರಿ ಒಂದು ಊರು, ಮರುರಾತ್ರಿ ಇನ್ನೊಂದು ಊರು, ಬೇರೆ ನಾಟಕ, ಬೇರೆ ಮಾತು, ಬೇರೆ ಹಾರ್ಮೋನಿಯಂ ಮಾಸ್ತರರು. ಹಿಂದೊಮ್ಮೆ ಹೊಸಪೇಟೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಅಂಥ ಒಬ್ಬ ತಾಯಿ ನನ್ನ ಪಕ್ಕದಲ್ಲಿ ಕುಳಿತಿದ್ದರು. ಕಿವಿಯ ಹಿಂದೆ ಬಣ್ಣ ಇನ್ನೂ ಉಳಿದಿತ್ತು. ‘ದಿನಾ ಹಿಂಗ ರಾತ್ರಿಯೆಲ್ಲ ನಿಂತ್ರ ಸುಸ್ತಾಗಂಗಿಲ್ಲೇನ್ರಿ ಅಮ್ಮಾ?’ ಎಂದು ಕೇಳಿದೆ. ಆಕೆ ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, ‘ಪಾರ್ಟು ಮಾಡೋದ್ರಾಗ ಏನ್ ಸುಸ್ತಪ್ಪಾ’ ಎಂದರು. ‘ಬೆಳಗಾಗ ಎದ್ದು ಕೊಡೋ ರೊಕ್ಕಕ್ಕ ಅವರ ಮನಿ ಕಟ್ಟಿ ಮ್ಯಾಲ ಕುಂದರತೀವಲ್ಲ, ಅದು ಸುಸ್ತು.’